ವೆಬ್‌ಸೈಟ್‌ನಲ್ಲಿ 'ಧನ್ಯವಾದ' ಅಂತ ಬರುತ್ತೆ, ಆರ್ಡರ್ ಮಾತ್ರ ಅಂಗಡಿಗೆ ಬರಲ್ಲ! ಯಾಕೆ ಹೀಗೆ?

ಹಬ್ಬದ ಸಮಯ. ಗ್ರಾಹಕರೊಬ್ಬರು ಸ್ವೀಟ್ ಅಂಗಡಿಯ ವೆಬ್‌ಸೈಟ್‌ನಲ್ಲಿ 5 ಕೆಜಿ ಮೈಸೂರು ಪಾಕ್‌ಗೆ ಫಾರಂ ತುಂಬಿದರು ಅಂದುಕೊಳ್ಳಿ. 'ಧನ್ಯವಾದ, ಆರ್ಡರ್ ಬಂದಿದೆ' ಅಂತ ಪರದೆ ಮೇಲೆ ತೋರಿಸಿತು. ಮಾಲೀಕರಿಗೆ ಮಾತ್ರ ಮೇಲ್ ಬಂದಿಲ್ಲ. ಗ್ರಾಹಕರು ಬಂದು ಕೌಂಟರ್ ಮುಂದೆ ನಿಂತಾಗಲೇ ವಿಷಯ ಗೊತ್ತಾಗೋದು. ತಪ್ಪಾಗಿದ್ದು ಎಲ್ಲಿ?

ಕಣ್ಣಿಗೆ ಕಾಣುವ ಪುಟ ಅಂಗಡಿ ಬೋರ್ಡ್ ಇದ್ದ ಹಾಗೆ. ಬೋರ್ಡ್ ಆರ್ಡರ್ ಬರೆದುಕೊಳ್ಳಲ್ಲ. ಬರೆದುಕೊಳ್ಳೋದು ಸರ್ವರ್ ಸ್ಕ್ರಿಪ್ಟ್. ಇದು ಗ್ರಾಹಕರ ಮೊಬೈಲ್‌ನಲ್ಲಿ ಅಲ್ಲ, ಹೋಸ್ಟಿಂಗ್ ಕಂಪನಿಯ ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಂ. ಸಣ್ಣ ವೆಬ್‌ಸೈಟ್‌ಗಳಲ್ಲಿ ಹೆಚ್ಚಾಗಿ ಬಳಸೋದು 1995ರಲ್ಲಿ ಬಿಡುಗಡೆಯಾದ ಪಿಎಚ್‌ಪಿ ಭಾಷೆ. ವರ್ಡ್‌ಪ್ರೆಸ್ ಕೂಡ ಇದರಲ್ಲೇ ಇದೆ.

ಸ್ಕ್ರಿಪ್ಟ್ ಹಾಕೋದು ಹೇಗೆ?

ಸಿಪ್ಯಾನಲ್ ಇರುವ ಹೋಸ್ಟಿಂಗ್ ಆದ್ರೆ ಲಾಗಿನ್ ಆಗಿ, ಫೈಲ್ ಮ್ಯಾನೇಜರ್‌ನಲ್ಲಿ 'ಪಬ್ಲಿಕ್ ಎಚ್‌ಟಿಎಂಎಲ್' ಫೋಲ್ಡರ್ ತೆರೆದು ಫೈಲ್ ಅಪ್‌ಲೋಡ್ ಮಾಡಬೇಕು. ಫೈಲ್ ಹೆಸರಿನ ಕೊನೆಗೆ 'ಪಿಎಚ್‌ಪಿ' ಅಂತ ಇರಲೇಬೇಕು. ಫಾರಂನ 'ಆಕ್ಷನ್' ಜಾಗದಲ್ಲೂ ಅದೇ ಹೆಸರು ಇರಬೇಕು. ಲಿನಕ್ಸ್ ಸರ್ವರ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದ್ರೂ ಫೈಲ್ ಸಿಗಲ್ಲ. ಪರ್ಮಿಷನ್ ಸಾಮಾನ್ಯವಾಗಿ ಫೈಲ್‌ಗೆ 644, ಫೋಲ್ಡರ್‌ಗೆ 755 ಸಾಕು. 777 ಕೊಟ್ಟರೆ ಗಲ್ಲಾಪೆಟ್ಟಿಗೆ ತೆರೆದಿಟ್ಟು ಊಟಕ್ಕೆ ಹೋದ ಹಾಗೆ. '500 ಎರರ್' ಬಂದ್ರೆ ಎರರ್ ಲಾಗ್ ನೋಡಿ, ಕಾರಣ ಅಲ್ಲೇ ಸಿಗುತ್ತೆ.

ಮೇಲ್ ಯಾಕೆ ಬರಲ್ಲ?

ಪಿಎಚ್‌ಪಿಯ ಮೇಲ್ ಆಜ್ಞೆ 'ಆಯ್ತು' ಅಂದ್ರೆ ಸರ್ವರ್ ಮೇಲ್ ತಗೊಂಡಿದೆ ಅಂತ ಅಷ್ಟೇ ಅರ್ಥ, ತಲುಪಿದೆ ಅಂತ ಅಲ್ಲ. ಅಂಚೆ ಡಬ್ಬಕ್ಕೆ ಕಾಗದ ಹಾಕಿದ ಹಾಗೆ. ಇನ್ನೊಂದು ತಪ್ಪು, ಕಳಿಸುವವರ ಜಾಗದಲ್ಲಿ ಗ್ರಾಹಕರ ಜಿಮೇಲ್ ವಿಳಾಸ ಹಾಕೋದು. ಇದನ್ನು ನಕಲಿ ಅಂತ ತಿಳಿದು ಮೇಲ್ ಸ್ಪ್ಯಾಮ್‌ಗೆ ಹೋಗಬಹುದು. ಅಲ್ಲಿ ನಿಮ್ಮ ವೆಬ್‌ಸೈಟ್ ಹೆಸರಿನ ವಿಳಾಸ ಇರಲಿ, ಗ್ರಾಹಕರ ವಿಳಾಸ 'ರಿಪ್ಲೈ ಟು'ನಲ್ಲಿ ಇರಲಿ. ಎಸ್‌ಎಂಟಿಪಿ ಮೂಲಕ ಕಳಿಸೋದು ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ, ಆರ್ಡರ್ ಮೊದಲು ಡೇಟಾಬೇಸ್‌ನಲ್ಲಿ ಸೇವ್ ಆಗಬೇಕು, ಆಮೇಲೆ ಮೇಲ್ ಹೋಗಬೇಕು. ಆಗ ಮೇಲ್ ತಪ್ಪಿದ್ರೂ ಲೆಕ್ಕ ಉಳಿಯುತ್ತೆ.

ಇದನ್ನು ಮರೆಯಬೇಡಿ

* ಪಿಎಚ್‌ಪಿ 7.4ಕ್ಕೆ ಸುರಕ್ಷತಾ ಅಪ್‌ಡೇಟ್ 2022ರ ನವೆಂಬರ್‌ಗೇ ನಿಂತಿದೆ. ಹಳೆಯದಿದ್ರೆ ಬ್ಯಾಕಪ್ ತಗೊಂಡು ಹೊಸದಕ್ಕೆ ಬದಲಿಸಿ.
* ಫಾರಂನಲ್ಲಿ ಬರೆದದ್ದು ನೇರವಾಗಿ ಡೇಟಾಬೇಸ್ ಆಜ್ಞೆಗೆ ಸೇರಬಾರದು. 'ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ್ದೀರಾ?' ಅಂತ ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿ.
* ಹೋಸ್ಟಿಂಗ್, ಡೊಮೈನ್ ಎರಡೂ ಮಾಲೀಕರ ಹೆಸರಲ್ಲೇ ಇರಲಿ. ಮಾಡಿಕೊಟ್ಟವರು ಊರು ಬಿಟ್ಟರೂ ಬೀಗದ ಕೈ ನಿಮ್ಮ ಹತ್ತಿರ ಇರುತ್ತೆ.

ತಿಂಗಳಿಗೊಮ್ಮೆ ಮನೆಯವರ ಮೊಬೈಲ್‌ನಿಂದ ನಿಮ್ಮದೇ ಅಂಗಡಿಗೆ ಒಂದು ಆರ್ಡರ್ ಹಾಕಿ ನೋಡಿ. ಎರಡು ನಿಮಿಷದ ಕೆಲಸ. ಬಂದ ಗಿರಾಕಿ ವಾಪಸ್ ಹೋಗೋದು ತಪ್ಪುತ್ತೆ.