ರಸ್ತೆ ಅಗೆದರೆ ನಡೆಯುವವರ ಗತಿ ಏನು?

ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಯಾವ ಗೃಹಿಣಿಯನ್ನಾದರೂ "ನಿಮ್ಮ ಕಡೆ ಕೆಲಸ ಎಲ್ಲಿಗೆ ಬಂತು ರೀ?" ಅಂತ ಕೇಳಿ ನೋಡಿ. ಅದು ಮೆಟ್ರೊ ಕೆಲಸದ ಮಾತು ಅಂತ ಅವರಿಗೆ ತಟ್ಟನೆ ಹೊಳೆಯುತ್ತದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಅಲ್ಲಿಂದೀಚೆಗೆ ಊರಿನ ಯಾವುದಾದರೂ ಒಂದು ದಿಕ್ಕಿನಲ್ಲಿ ತಗಡಿನ ಬೇಲಿ, ಕ್ರೇನು, ಧೂಳು ಇದ್ದೇ ಇದೆ.

ಮೆಟ್ರೊ ಬೇಡ ಅನ್ನುವವಳು ನಾನಲ್ಲ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ನನಗೂ ಸಂತೋಷವಾಯಿತು. ಆದರೆ ರೈಲು ಬಂದ ಮೇಲಿನ ಸುಖವನ್ನು ಎಲ್ಲರೂ ಹೇಳುತ್ತಾರೆ. ಅದು ಬರುವ ತನಕದ ವರ್ಷಗಳನ್ನು ನಾವು ಕಳೆಯುವುದು ಹೇಗೆ? ಅದನ್ನು ಹೇಳುವವರು ಕಡಿಮೆ.

ಜಯದೇವ ಆಸ್ಪತ್ರೆಯ ಹತ್ತಿರವಿದ್ದ ಮೇಲುಸೇತುವೆಯನ್ನೇ ತಗೊಳ್ಳಿ. ಮೆಟ್ರೊ ನಿಲ್ದಾಣಕ್ಕಾಗಿ ಅದನ್ನು 2020ರಲ್ಲಿ ಕೆಡವಿದರು. ಮೇಲೆ ರೈಲು, ಅದರ ಕೆಳಗೆ ವಾಹನ ಓಡುವಂಥ ಎರಡಂತಸ್ತಿನ ಸೇತುವೆಯ ಒಂದು ಬದಿ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ, ತೆರೆದದ್ದು 2024ರ ಜುಲೈನಲ್ಲಿ. ಸೇತುವೆ ಕೆಡವಿದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಅಷ್ಟು ಹೊತ್ತಿಗೆ ಐದನೇ ತರಗತಿಯಲ್ಲಿತ್ತು! ಉಪಾಯವೇನೋ ಒಳ್ಳೆಯದೇ. ಒಂದೇ ಕುಕ್ಕರಿನಲ್ಲಿ ಬೇಳೆ, ಅನ್ನ ಎರಡನ್ನೂ ಇಟ್ಟ ಹಾಗೆ, ಒಂದೇ ಸಾಲು ಕಂಬದ ಮೇಲೆ ರಸ್ತೆಯೂ ಆಯಿತು, ರೈಲೂ ಆಯಿತು. ಎರಡು ಸಲ ಅಗೆಯುವುದು ತಪ್ಪಿತು.

ಇಂಥ ಕೆಲಸ ನಡೆಯುವಾಗ ಸಂಚಾರದ ವ್ಯವಸ್ಥೆ ಅಂದರೆ ಕಾರುಗಳನ್ನು ಯಾವ ಕಡೆ ತಿರುಗಿಸೋದು ಅನ್ನುವುದೇ ಮೊದಲ ಯೋಚನೆ. ತಿರುಗಿಸಿದ ವಾಹನ ಬರುವುದೆಲ್ಲಿಗೆ? ನಮ್ಮ ನಿಮ್ಮ ಅಡ್ಡರಸ್ತೆಗೆ. ಮಕ್ಕಳು ಸೈಕಲ್ ಕಲಿಯುವ ಬೀದಿ ಒಂದೇ ರಾತ್ರಿಯಲ್ಲಿ ಹೆದ್ದಾರಿ ಆಗಿಬಿಡುತ್ತದೆ. ಆದ್ದರಿಂದ ಆ ಬೀದಿಯ ಗುಂಡಿ ಮುಚ್ಚಿ, ದೀಪ ಹಾಕಿ, ಹಂಪ್ ಹಾಕಿ ಆಮೇಲೆ ಮುಖ್ಯರಸ್ತೆ ಮುಚ್ಚಲಿ. ನೆಂಟರು ಬಂದು ಕೂತ ಮೇಲೆ ಅಕ್ಕಿ ತರಲು ಹೊರಡುತ್ತೇವೆಯೇ?

ಬೇಲಿ ಹಾಕುವಾಗ ಮೊದಲು ಮಾಯವಾಗುವುದು ಕಾಲುದಾರಿ. ಎರಡನೆಯದು ಬಸ್ ನಿಲ್ದಾಣ. ಎರಡೂ ಹೆಚ್ಚಾಗಿ ಬೇಕಾಗಿರುವುದು ನಮಗೇ, ವಯಸ್ಸಾದವರಿಗೆ, ಶಾಲೆಯ ಮಕ್ಕಳಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಉಳಿಯಿತು, ಸರಿ. ಆದರೆ ಬಸ್ಸು ನಿಲ್ಲುವ ಜಾಗವನ್ನೇ ಅರ್ಧ ಫರ್ಲಾಂಗು ಆಚೆಗೆ ಸರಿಸಿ, ಒಂದು ಬೋರ್ಡನ್ನೂ ಹಾಕದಿದ್ದರೆ? ಕೈಚೀಲ ಹಿಡಿದು ಬಸ್ಸಿನ ಹಿಂದೆ ಓಡುವುದೇ ಆಗುತ್ತದೆ.

ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿ ಕಡೆಗೆ ಬಸ್ಸಿಗೆಂದೇ ಒಂದು ಸಾಲು ಬಿಟ್ಟಿದ್ದರು. ಆಮೇಲೆ ಮೆಟ್ರೊ ಕೆಲಸ ಬಂತು, ಆ ಸಾಲು ಹೋಯಿತು. ನನಗೆ ಇದು ತಲೆಕೆಳಗಾದ ಲೆಕ್ಕ ಅನಿಸುತ್ತದೆ. ಎರಡು ಮೂರು ಕಾರು ನಿಲ್ಲುವಷ್ಟು ಜಾಗದಲ್ಲಿ ಒಂದು ಬಸ್ಸು ಐವತ್ತು ಜನರನ್ನು ಹೊರುತ್ತದೆ. ರಸ್ತೆ ಕಿರಿದಾದಾಗಲೇ ಅಲ್ಲವೇ ಬಸ್ಸಿಗೆ ಮೊದಲು ದಾರಿ ಬಿಡಬೇಕಾದ್ದು?

ಇನ್ನೊಂದು ಮಾತು ಬರೆಯಲು ಕೈ ಹಿಂದೇಟು ಹಾಕುತ್ತದೆ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕೆ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ಬೈಕಿನಲ್ಲಿ ಹೋಗುತ್ತಿದ್ದ ಸಂಸಾರದಲ್ಲಿ ತಾಯಿಯೂ ಅವಳ ಎಳೆಯ ಮಗನೂ ಹೋಗಿಬಿಟ್ಟರು. ಅಂಥ ಕಂಬದ ಪಕ್ಕ ವಾಹನ ಬಿಡುವುದು ಬರೀ ಸಂಚಾರದ ಪ್ರಶ್ನೆಯಲ್ಲ. ಮೇಲೆ ಭಾರ ಎತ್ತುವಾಗ ಕೆಳಗಿನ ದಾರಿ ಮುಚ್ಚಲಿ. ಕಾಲು ಗಂಟೆ ತಡವಾದರೆ ಆಗಲಿ, ಅನ್ನ ಆರಿದರೆ ಬಿಸಿ ಮಾಡಿಕೊಂಡರಾಯಿತು.

ನಾವು ಏನು ಮಾಡಬಹುದು ಅಂತ ಕೇಳುತ್ತೀರಿ. ನಮ್ಮ ಬಡಾವಣೆಯಲ್ಲಿ ಒಂದು ಭಾರಿ ಕಟ್ಟಡ ಏಳುತ್ತಿದೆ. ಕಾಂಕ್ರೀಟು ಲಾರಿಗಳು ಸರಿಯಾಗಿ ಶಾಲೆಯ ಹೊತ್ತಿಗೇ ನುಗ್ಗುತ್ತಿದ್ದವು. ಹೋಗಿ ಹೇಳಿದರೆ "ಅಷ್ಟೇನೂ ಬರಲ್ಲಮ್ಮ" ಅಂದರು. ಸರಿ, ನಾವು ನಾಲ್ಕು ಮನೆಯವರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಲಾರಿಯ ಲೆಕ್ಕವನ್ನೂ ಬರೆಯತೊಡಗಿದೆವು. ಎಷ್ಟು ಗಂಟೆಗೆ, ಎಷ್ಟು ಲಾರಿ, ಎಲ್ಲಿ ನಿಂತಿತು ಅಂತ. ಎರಡು ವಾರದ ಲೆಕ್ಕವನ್ನು ಅರ್ಜಿಯ ಜೊತೆಗಿಟ್ಟು, ಒಂದು ಪ್ರತಿ ಸಂಚಾರ ಪೊಲೀಸರಿಗೆ, ಇನ್ನೊಂದು ಕಟ್ಟಡದವರಿಗೆ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆವು. ಮೊಹರು ಮಾತ್ರ ಮರೀಬೇಡಿ. "ತುಂಬಾ ತೊಂದರೆ ಸಾರ್" ಅನ್ನೋದಕ್ಕಿಂತ "ಮಂಗಳವಾರ ಎಂಟೂವರೆಯಿಂದ ಒಂಬತ್ತರೊಳಗೆ ಏಳು ಲಾರಿ" ಅಂದರೆ ಎದುರಿಗಿರುವವರು ಪೆನ್ನು ತೆಗೆಯುತ್ತಾರೆ.

ಈಗ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ತನಕ ಲಾರಿ ಬರುವುದಿಲ್ಲ. ಗೇಟಿನಲ್ಲಿ ಸೀಟಿ ಹಿಡಿದ ಒಬ್ಬ ಹುಡುಗನನ್ನು ನಿಲ್ಲಿಸಿದ್ದಾರೆ. ಕಾಲುದಾರಿಯ ಮೇಲಿನ ಜಲ್ಲಿ ರಾಶಿ ಇನ್ನೂ ಅಲ್ಲೇ ಇದೆ. ಶಾಲೆ ಬಿಡುವ ಮೂರೂವರೆಯ ಹೊತ್ತಿನ ಲೆಕ್ಕ ಈ ತಿಂಗಳ ಹಾಳೆಯಲ್ಲಿ ನಡೆಯುತ್ತಿದೆ.