ಚೊಗರಿನ ಕಲೆ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಬಂತೆಂದರೆ ಮನೆಮಂದಿಯೆಲ್ಲ ಹಳೇ ಬಟ್ಟೆ ಹುಡುಕುತ್ತಾರೆ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಗಂದು ನೀರೇ ಚೊಗರು. ಪಂಚೆಗೆ ಒಮ್ಮೆ ತಾಗಿತೋ, ಯಾವ ಸೋಪಿಗೂ ಬಗ್ಗದು. ಈ ಹಟಮಾರಿ ಕಲೆಯನ್ನೇ ಬಣ್ಣವಾಗಿಸಿಕೊಂಡದ್ದು ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ‘ಚರಕ’.

ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ಈ ಮಹಿಳಾ ಸಹಕಾರ ಸಂಘದಲ್ಲಿ ಬಣ್ಣ ಹಾಕುವುದು, ನೇಯುವುದು, ಜುಬ್ಬ ಹೊಲಿಯುವುದು ಎಲ್ಲ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳ ಕೆಲಸ. ಮಾರಾಟಕ್ಕೆ ‘ದೇಸಿ’ ಅಂಗಡಿಗಳು. ಚೊಗರಿನ ಗುಟ್ಟು ಅದರ ಒಗರಿನಲ್ಲಿದೆ. ಅದರಲ್ಲಿರುವ ಟ್ಯಾನಿನ್ ಹತ್ತಿಯ ಎಳೆಯನ್ನು ಹಿಡಿದರೆ ಬಿಡದು. ಕಬ್ಬಿಣದ ಅಂಶ ಬೆರೆತರೆ ಕಂದು ಹೋಗಿ ಕಪ್ಪಾಗುತ್ತದೆ.

ರಾಸಾಯನಿಕ ಬಣ್ಣದ ಕಥೆಯೇ ಬೇರೆ. ಬಟ್ಟೆ ಅದ್ದಿದ ನೀರು ಸೇರಿ ಸೇರಿ ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟಿತು. ಕಡೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ಅಗ್ಗದ ಟೀ ಶರ್ಟಿನ ಬೆಲೆಚೀಟಿಯಲ್ಲಿ ಆ ನದಿಯ ಲೆಕ್ಕ ಇರುವುದಿಲ್ಲ.

ಸಹಜ ಬಣ್ಣದ ಬಟ್ಟೆ ಕಂಡರೆ ಗಿರಾಕಿಯ ಮೊದಲ ಪ್ರಶ್ನೆ, ‘ಬಣ್ಣ ಹೋಗುತ್ತದೆಯೇ?’ ಅಡಿಕೆ ಸುಲಿದವರ ಬೆರಳು ನೋಡಿದರೆ ಸಾಕು, ಉತ್ತರ ಸಿಕ್ಕೀತು. ಎರಡನೆಯದು ಬೆಲೆ, ತಕರಾರೆಲ್ಲ ಅಲ್ಲೇ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕೂತರೂ ಕೈಗೆ ಬರುವುದು ಕೆಲವೇ ಮೀಟರ್. ಪವರ್‌ಲೂಮಿನ ದರಕ್ಕೆ ಅದನ್ನು ಕೊಡುವುದಾದರೂ ಹೇಗೆ? 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರ ಕೋವಿಡ್ ದಿನಗಳಲ್ಲಂತೂ, ಸಂಘ ಆರ್ಥಿಕ ಸಂಕಷ್ಟದಲ್ಲಿದೆ ಎಂದು ಬಹಿರಂಗವಾಗಿಯೇ ಹೇಳಿಕೊಳ್ಳಬೇಕಾಯಿತು.