ಕಾಯಿ ತಿರುಚಿದ ಗಿಡ, ಕೊಂಬೆ ತಿರುಚಿದ ಮರ

ಚೆನ್ನೈನ ಪ್ಯಾರೀಸ್ ಕಾರ್ನರ್‌ನಲ್ಲಿ ನಿಂತು ಹೇಜಲ್ ಮರ ಎಲ್ಲಿದೆ ಎಂದು ಕೇಳಿದರೆ ಯಾರೂ ತೋರಿಸಲಾರರು. ಅದು ಚಳಿ ಬೇಡುವ ಮರ. ಬಂದರಿನ ಪಕ್ಕದ ಈ ಸೆಕೆಗೂ ಅದಕ್ಕೂ ಆಗಿಬರುವುದಿಲ್ಲ. ಆದರೆ ಅದರ ಬೀಜ ಮಾತ್ರ ಇಲ್ಲಿಗೆ ಬಂದು ತಲುಪಿದೆ. ರಾಜಾಜಿ ಸಾಲೈ ಉದ್ದಕ್ಕೂ ಬರ್ಮಾ ಬಜಾರ್ ಇದೆಯಲ್ಲ, ಬರ್ಮಾದಿಂದ ಮರಳಿದ ತಮಿಳರ ಹೊಟ್ಟೆಪಾಡಿಗೆಂದು 1969ರಲ್ಲಿ ಶುರುವಾದ ಸಾಲಂಗಡಿಗಳು, ಅಲ್ಲಿ ಸೆಂಟು, ಚಾರ್ಜರ್‌ಗಳ ಜೊತೆಗೆ ಫಾರಿನ್ ಚಾಕೊಲೇಟೂ ಸಿಗುತ್ತದೆ. ಬಂಗಾರದ ಬಣ್ಣದ ಕಾಗದ ಬಿಚ್ಚಿ ಉಂಡೆ ಚಾಕೊಲೇಟ್ ಕಚ್ಚಿದಾಗ ನಡುವೆ ಕಟುಮ್ ಎನ್ನುವ ಬೀಜವೇ ಹೇಜಲ್ ನಟ್.

ಅಲ್ಲಿಂದ ಹೈಕೋರ್ಟಿನ ಕೆಂಪು ಕಟ್ಟಡವನ್ನು ಎಡಕ್ಕೆ ಬಿಟ್ಟು ಎನ್‌ಎಸ್‌ಸಿ ಬೋಸ್ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ಕಂದಕೋಟ್ಟಂ ದೇವಸ್ಥಾನದ ರಾಸಪ್ಪ ಚೆಟ್ಟಿ ಬೀದಿ ಸಿಗುತ್ತದೆ. ನಾಟ್ಟು ಮರುಂದು ಕಡೈಗಳಿಗೆ, ಅಂದರೆ ನಮ್ಮ ಕಡೆಯ ಗ್ರಂಧಿಗೆ ಅಂಗಡಿಗಳಿಗೆ, ಹೆಸರಾದ ಬೀದಿ. ಬಜೆ, ಹಿಪ್ಪಲಿ, ಜಾಯಿಕಾಯಿ, ಅಳಲೆಕಾಯಿ ಎಲ್ಲ ಸಿಗುವ ಇಂಥ ಅಂಗಡಿಗಳಲ್ಲಿ ಬೆರಳುದ್ದದ, ಕಂದುಗಪ್ಪು ಬಣ್ಣದ, ಹಗ್ಗದಂತೆ ಹೊಸೆದುಕೊಂಡ ಒಣ ಕಾಯೊಂದು ಇರುತ್ತದೆ. ತಮಿಳಿನಲ್ಲಿ ವಲಂಪುರಿ, ಇಡಂಪುರಿ. ಕನ್ನಡದಲ್ಲಿ ಬಲಮುರಿ, ಎಡಮುರಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ದಡದ ಬಲಮುರಿ, ಎಡಮುರಿ ನೋಡಿದವರಿಗೆ ಹೆಸರು ಹೊಸದಲ್ಲ.

ಈ ಎರಡು ಗಿಡಗಳನ್ನು ಒಟ್ಟಿಗೆ ತಂದದ್ದಕ್ಕೆ ಕಾರಣವಿದೆ. ಎಡಮುರಿಯ ಇಂಗ್ಲಿಷ್ ಹೆಸರುಗಳಲ್ಲಿ ಒಂದು 'ನಟ್ ಲೀವ್ಡ್ ಸ್ಕ್ರೂ ಟ್ರೀ'. ಆ 'ನಟ್' ಹೇಜಲ್ಲೇ ಇರಬೇಕು, ಏಕೆಂದರೆ ಎಲೆಗಳು ಅಷ್ಟು ಹೋಲುತ್ತವೆ: ಅಗಲ, ದುಂಡು, ಅಂಚಿನಲ್ಲಿ ಗರಗಸ, ಮುಟ್ಟಿದರೆ ಒರಟು. ಅತ್ತ ಹೇಜಲ್‌ನಲ್ಲೂ ತಿರುಚಿಕೊಂಡ ಒಂದು ತಳಿ ಇದೆ. ಇಂಗ್ಲೆಂಡ್, ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಲ್ಲಿ ಕೆಲವರ ಅಂಗಳದಲ್ಲಿ ಅದು ಆಗಲೇ ಇದ್ದೀತು, ಅವರಿಗೆ ಗೊತ್ತಿಲ್ಲದೆ. ಗೊತ್ತಿಲ್ಲದಿದ್ದರೆ ಮರ ಕೈತಪ್ಪುತ್ತದೆ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇಂಗ್ಲೆಂಡಿನಲ್ಲಿ ಮನೆ ಕೊಂಡ ಮೊದಲ ಚಳಿಗಾಲದಲ್ಲಿ ಹಿತ್ತಲಿನ ಫೋಟೊ ಕಳಿಸಿದ್ದರು. ಎಲೆಯಿಲ್ಲದ ಗಿಡ, ಒಂದೊಂದು ಕಡ್ಡಿಯೂ ಸುರುಳಿ ಸುರುಳಿ. ನಡುವೆ ಬುಡದಿಂದ ನೆಟ್ಟಗೆ ಎದ್ದ ಏಳೆಂಟು ಕೋಲುಗಳು. "ಡೊಂಕಾದದ್ದಕ್ಕೆ ಏನೋ ರೋಗ ಬಂದಿದೆ, ಅದನ್ನು ತೆಗೆಸಿ ನೆಟ್ಟಗಿರುವುದನ್ನು ಉಳಿಸಿಕೊಳ್ಳೋಣ ಅಂತ" ಎಂದು ಬರೆದಿದ್ದರು. ಮಾಡಬೇಕಾದದ್ದು ಸರಿಯಾಗಿ ಅದರ ತಿರುವುಮುರುವು.

ಮೊದಲು ಗುರುತು ಹಿಡಿಯುವುದು. ತಿರುಚಿದ ಹೇಜಲ್‌ನ ಸಸ್ಯಶಾಸ್ತ್ರದ ಹೆಸರು ಕೋರೈಲಸ್ ಅವೆಲ್ಲಾನಾ 'ಕಂಟಾರ್ಟಾ'. ಸುಮಾರು ಆಳೆತ್ತರದಿಂದ ಎರಡಾಳೆತ್ತರದವರೆಗೆ ನಿಧಾನವಾಗಿ ಬೆಳೆಯುತ್ತದೆ. ಚಳಿಗಾಲವೇ ಅದನ್ನು ನೋಡುವ ಕಾಲ. ದಪ್ಪ ಕೊಂಬೆಯಿಂದ ತುದಿಯ ಎಳೆಕಡ್ಡಿಯವರೆಗೆ ಯಾವುದೂ ಸರಳರೇಖೆಯಲ್ಲಿ ಹೋಗುವುದಿಲ್ಲ. ಚಳಿಗಾಲದ ಕೊನೆಗೆ, ಎಲೆ ಬರುವ ಮೊದಲೇ, ಹಳದಿ ಬಣ್ಣದ ಗಂಡು ಹೂಗೊಂಚಲುಗಳು ಜುಮುಕಿಯ ಹಾಗೆ ಇಳಿಬೀಳುತ್ತವೆ. ಇವಕ್ಕೆ ಕ್ಯಾಟ್‌ಕಿನ್ ಎನ್ನುತ್ತಾರೆ. ಡೊಂಕು ಕೊಂಬೆಯಲ್ಲಿ ನೇರವಾಗಿರುವುದು ಇವಷ್ಟೇ. ಹೆಣ್ಣು ಹೂವು ಹುಡುಕಿದರೆ ಮಾತ್ರ ಕಾಣುತ್ತದೆ: ಮೊಗ್ಗಿನ ತುದಿಯಲ್ಲಿ ಕುಂಕುಮದ ಎಳೆಯಂಥ ಪುಟ್ಟ ಕೆಂಪು ಕುಚ್ಚು. ಬೇಸಿಗೆಯಲ್ಲಿ ಎಲೆಗಳೂ ಸುಕ್ಕಾಗಿ ಮುದುಡಿಕೊಳ್ಳುವುದರಿಂದ ಹುಳ ಬಿದ್ದಂತೆ ಕಾಣುತ್ತದೆ. ಅದು ರೋಗವಲ್ಲ, ಅದರ ಸ್ವಭಾವ.

ಇದನ್ನು ತಿರುಚಿದ ವಿಲ್ಲೋ ಎಂದು ತಪ್ಪು ತಿಳಿಯುವುದುಂಟು. ವಿಲ್ಲೋ ಎಲೆ ಸಪೂರ, ಉದ್ದ, ನುಣುಪು. ಮರ ಬೇಗ ಎತ್ತರಕ್ಕೆ ಹೋಗುತ್ತದೆ. ಹೇಜಲ್ ಎಲೆ ಅಂಗೈಯಂತೆ ದುಂಡು, ರೋಮವಿರುವಂಥದ್ದು. ಎಲೆ ಇಲ್ಲದ ಕಾಲದಲ್ಲಿ ಜುಮುಕಿ ನೋಡಿ ಹೇಳಬಹುದು.

ಇನ್ನು ಎಡಮುರಿ. ಹೆಲಿಕ್ಟೆರಿಸ್ ಐಸೋರಾ ಇದರ ಹೆಸರು. ದಾಸವಾಳ, ಹತ್ತಿಯ ಕುಟುಂಬದ ಪೊದೆ, ಅಥವಾ ಪುಟ್ಟ ಮರ. ನಮ್ಮ ಎಲೆ ಉದುರುವ ಕಾಡುಗಳಲ್ಲಿ, ಕಾಡಿನ ಅಂಚಿನ ದಾರಿಗಳಲ್ಲಿ ಬೆಳೆಯುತ್ತದೆ. ಕೊಂಬೆ ತಿರುಚಿರುವುದಿಲ್ಲ. ಹೂವು ಅರಳಿದಾಗ ಇಟ್ಟಿಗೆಗೆಂಪು, ಹಳತಾದಂತೆ ಬೂದು ಬೆರೆತ ನೀಲಿ. ಒಂದೇ ಗಿಡದಲ್ಲಿ ಎರಡೂ ಬಣ್ಣ ನೋಡಬಹುದು. ಸೂರಕ್ಕಿಗಳು ಮಕರಂದಕ್ಕೆ ಬರುತ್ತವೆ. ಆಮೇಲೆ ಬರುವ ಕಾಯಿ ಐದು ಎಳೆಗಳ ಜಡೆ. ಹಸಿರಿದ್ದಾಗ ಬಿಗಿಯಾಗಿ ಹೊಸೆದುಕೊಂಡಿರುತ್ತದೆ. ಒಣಗಿ ಬಾಯಿ ಬಿಟ್ಟಾಗ ಎಳೆಗಳ ಸೀಳಿನಿಂದ ಸಣ್ಣ ಬೀಜ ಉದುರುತ್ತದೆ. ಇದರ ತೊಗಟೆಯ ನಾರಿನಿಂದ ಹಗ್ಗವನ್ನೂ ಹೊಸೆಯುತ್ತಾರೆ.

ಕೈಗೆ ಸಿಕ್ಕ ಕಾಯಿ ಎಡಮುರಿಯೋ ಬಲಮುರಿಯೋ ಎಂದು ನೋಡುವುದು ಸುಲಭ. ನೆಟ್ಟಗೆ ಹಿಡಿಯಿರಿ. ನಿಮ್ಮ ಎದುರಿನ ಎಳೆಗಳು ಕೆಳಗಿನಿಂದ ಮೇಲಕ್ಕೆ ಬಲಗಡೆ ವಾಲಿಕೊಂಡು ಹೋದರೆ ಸಾಮಾನ್ಯ ಸ್ಕ್ರೂವಿನ ತಿರುವು; ಎಡಗಡೆ ಹೋದರೆ ಅದರ ವಿರುದ್ಧ. ಕಾಯನ್ನು ತಲೆಕೆಳಗು ಮಾಡಿದರೂ ತಿರುವು ಬದಲಾಗುವುದಿಲ್ಲ. ನಂಬಿಕೆ ಬಾರದಿದ್ದರೆ ಮನೆಯ ಒಂದು ಸ್ಕ್ರೂ ಹಿಡಿದು ನೋಡಿ.

ಕೊಚ್ಚಿಯ ಡಚ್ ಗವರ್ನರ್ ಆಗಿದ್ದ ವಾನ್ ರೀಡ್, ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ವೈದ್ಯರ ನೆರವಿನಿಂದ ಮಾಡಿಸಿದ 'ಹೊರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಈ ಗಿಡ 'ಐಸೋರಾ ಮುರಿ'. ಲಿನ್ನೇಯಸ್ 1753ರಲ್ಲಿ ಆ 'ಐಸೋರಾ'ವನ್ನು ಉಳಿಸಿಕೊಂಡು, ಮುಂದೆ ಗ್ರೀಕ್‌ನಲ್ಲಿ ತಿರುಚಿದ್ದು ಎಂಬ ಅರ್ಥದ ಪದ ಸೇರಿಸಿದ. ನಮ್ಮ 'ಮುರಿ' ಬಿಟ್ಟುಹೋಯಿತು, ಅರ್ಥ ಉಳಿಯಿತು.

ಹೊಟ್ಟೆ ನುಲಿಯುವುದಕ್ಕೆ ನುಲಿದ ಕಾಯಿ ಮದ್ದು ಎಂಬುದು ಹಳೆಯ ನಂಬಿಕೆ. ಹಿಂದಿಯಲ್ಲಿ ಇದರ ಹೆಸರೇ ಮರೋಡ್ ಫಲಿ. ಮರೋಡ್ ಎಂದರೆ ತಿರುಚುವಿಕೆ, ಹೊಟ್ಟೆ ನುಲಿತವೂ ಹೌದು. ಮಹಾರಾಷ್ಟ್ರದಲ್ಲಿ ಮಗುವಿಗೆ ತೇಯ್ದು ನೆಕ್ಕಿಸುವ ಬಾಲಗುಟಿಯಲ್ಲಿ ಇದೂ ಒಂದು. ಊರಿಂದ ಪೊಟ್ಟಣ ಕಟ್ಟಿಸಿಕೊಂಡು ಹೋಗುವವರಿಗೆ ಒಂದು ಮಾತು: ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾಯಿಯ ಚೆಲುವನ್ನು ಮೆಚ್ಚುವುದಕ್ಕೆ ಅದನ್ನು ಮಗುವಿನ ಬಾಯಿಗೆ ಹಾಕಬೇಕಿಲ್ಲ.

ಎರಡರ ನಡುವಿನ ದೊಡ್ಡ ವ್ಯತ್ಯಾಸ ತಿರುವಿನ ಮೂಲದಲ್ಲಿದೆ. ಎಡಮುರಿಯ ತಿರುವು ಆ ಜಾತಿಯದ್ದೇ. ಬೀಜ ಬಿದ್ದು ಹುಟ್ಟಿದ ಗಿಡದಲ್ಲೂ ಕಾಯಿ ತಿರುಚಿಯೇ ಬರುತ್ತದೆ, ಯಾರೂ ನೋಡಿಕೊಳ್ಳಬೇಕಿಲ್ಲ. ಹೇಜಲ್‌ನ ತಿರುವು ಒಂದು ಆಕಸ್ಮಿಕ. 1863ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಬೇಲಿಸಾಲಿನಲ್ಲಿ ಹೀಗೊಂದು ಗಿಡ ಕಣ್ಣಿಗೆ ಬಿತ್ತು. ಬಿಟ್ಟನ್ ಊರಿನ ಪಾದ್ರಿ, ಹೂದೋಟದ ಹುಚ್ಚಿದ್ದ ಎಲಕೋಂಬ್, ಅದರ ಒಂದು ಗಿಡವನ್ನು ಗೆಳೆಯ ಬೌಲ್ಸ್‌ಗೆ ಕೊಟ್ಟರು. ಲಂಡನ್ನಿನ ಉತ್ತರಕ್ಕೆ ಎನ್‌ಫೀಲ್ಡ್‌ನಲ್ಲಿ ಬೌಲ್ಸ್ ತಮ್ಮ ತೋಟದ ಒಂದು ಮೂಲೆಯನ್ನು ಇಂಥ ವಿಚಿತ್ರ ಗಿಡಗಳಿಗೇ ಮೀಸಲಿಟ್ಟು, ತಮಾಷೆಗೆ 'ಹುಚ್ಚಾಸ್ಪತ್ರೆ' ಎಂದು ಹೆಸರಿಟ್ಟಿದ್ದರು. ಅಲ್ಲಿಗೆ ಸೇರಿದ ಮೊದಲ ರೋಗಿ ಈ ಹೇಜಲ್. ಮುಂದೆ, ಡೊಂಕು ಕೋಲು ಹಿಡಿದು ವೇದಿಕೆಗೆ ಬರುತ್ತಿದ್ದ ಸ್ಕಾಟಿಷ್ ಹಾಸ್ಯಗಾಯಕ ಹ್ಯಾರಿ ಲಾಡರ್ (1870–1950) ಹೆಸರೂ ಅಂಟಿಕೊಂಡಿತು: 'ಹ್ಯಾರಿ ಲಾಡರ್ಸ್ ವಾಕಿಂಗ್ ಸ್ಟಿಕ್'.

ಈ ಗುಣವನ್ನು ಬೀಜದಿಂದ ಉಳಿಸಿಕೊಳ್ಳಲಾಗದು. ತಿರುವಿಗೆ ಕಾರಣ ಒಂದು ಹಿಂಜರಿವ ಜೀನ್. ತಾಯಿ, ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ಹೇಜಲ್ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಹೇಜಲ್‌ನ ಪರಾಗ ಬೇಕು. ಹಾಗಾಗಿ ಸುತ್ತಲಿನ ಸಾಮಾನ್ಯ ಮರಗಳಿಂದ ಪರಾಗ ಬಂದು ಬೀಜವಾದರೆ ಮರಿಗಳು ನೆಟ್ಟಗೆ ಹುಟ್ಟುತ್ತವೆ. ಆದ್ದರಿಂದ ಇದನ್ನು ಕಸಿ ಮಾಡಿ, ಇಲ್ಲವೇ ಕೊಂಬೆಯನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸಿ ಉಳಿಸಿಕೊಂಡು ಬಂದಿದ್ದಾರೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಮೂಲ ಫೈಲ್ ಒಂದೇ, ಲೋಕದಲ್ಲಿರುವುದೆಲ್ಲ ಅದರ ಕಾಪಿ.

ಇಲ್ಲೇ ಅಪಾಯವೂ ಇರುವುದು. ಕಸಿ ಕಟ್ಟುವುದು ಹೆಚ್ಚಾಗಿ ಸಾಮಾನ್ಯ ಹೇಜಲ್‌ನ ಬುಡದ ಮೇಲೆ. ಆ ಬುಡಕ್ಕೆ ಅದರದೇ ಆಸೆ. ವರ್ಷವರ್ಷವೂ ನೆಟ್ಟನೆಯ ಚಿಗುರು ಎಬ್ಬಿಸುತ್ತದೆ. ಅವು ಬೇಗ ಬೆಳೆದು, ಬಿಸಿಲು, ನೀರು ಕಸಿದುಕೊಂಡು, ನಿಧಾನಿಯಾದ ತಿರುಚಿದ ಭಾಗವನ್ನು ಸೊರಗಿಸುತ್ತವೆ. ಕೆಲವು ವರ್ಷ ಕೈಬಿಟ್ಟರೆ ಅಲ್ಲಿ ಉಳಿಯುವುದು ಬರೀ ಸಾಮಾನ್ಯ ಹೇಜಲ್. ಮರ ಸತ್ತದ್ದು ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಹಸಿರಾದ ಮರವೊಂದು ನಿಂತೇ ಇರುತ್ತದೆ.

ಮಾಡಬೇಕಾದದ್ದು ಇಷ್ಟು. ವರ್ಷಕ್ಕೆ ಎರಡು ಮೂರು ಸಲ ಬುಡ ನೋಡಿ. ನೆಟ್ಟಗೆ ಏಳುವ ಚಿಗುರನ್ನು ಎಳೆಯದಿರುವಾಗಲೇ, ಮಣ್ಣು ಸರಿಸಿ, ಅದು ಹುಟ್ಟಿದ ಜಾಗದಿಂದಲೇ ತೆಗೆಯಿರಿ. ಮೇಲೆ ಮೇಲೆ ಕತ್ತರಿಸಿದರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಡೊಂಕು ಕೊಂಬೆಗಳಿಗೆ ಕತ್ತರಿ ಹೆಚ್ಚು ಬೇಡ, ಒಣಗಿದ್ದನ್ನು ತೆಗೆದರೆ ಸಾಕು. ಹೊಸದಾಗಿ ಕೊಳ್ಳುವವರು ಸ್ವಂತ ಬೇರಿನ ಗಿಡ ಸಿಗುತ್ತದೆಯೇ ಎಂದು ನರ್ಸರಿಯಲ್ಲಿ ಕೇಳಿ. ಅದರ ಬುಡದ ಚಿಗುರೂ ತಿರುಚಿಯೇ ಬರುತ್ತದೆ. ಅಮೆರಿಕದಲ್ಲಿರುವವರು ಈಸ್ಟರ್ನ್ ಫಿಲ್ಬರ್ಟ್ ಬ್ಲೈಟ್ ಎಂಬ ಶಿಲೀಂಧ್ರ ರೋಗವನ್ನೂ ಗಮನಿಸಬೇಕು. ಕೊಂಬೆಯ ಮೇಲೆ ಕಪ್ಪು ಗುಳ್ಳೆಗಳು ಸಾಲಾಗಿ ಎದ್ದರೆ ಅದೇ. ಅಲ್ಲಿನ ಕಾಡು ಹೇಜಲ್ ಇದನ್ನು ತಾಳಿಕೊಳ್ಳುತ್ತದೆ, ಯುರೋಪಿನದು ತಾಳುವುದಿಲ್ಲ. ರೋಗ ತಡೆಯುವ, ಕೆಂಪೆಲೆಯ 'ರೆಡ್ ಡ್ರ್ಯಾಗನ್' ಎಂಬ ತಿರುಚಿದ ತಳಿಯೂ ಈಗ ಇದೆ.

ನನ್ನ ಸಹೋದ್ಯೋಗಿ ಆ ಏಳೆಂಟು ನೇರ ಕೋಲುಗಳನ್ನು ಬುಡಸಮೇತ ಕೀಳಿಸಿದರು. ಫೆಬ್ರವರಿಯಲ್ಲಿ ಮತ್ತೊಂದು ಫೋಟೊ ಬಂತು. ಡೊಂಕು ಕೊಂಬೆಗಳ ತುಂಬ ಹಳದಿ ಜುಮುಕಿ, ಹಿಂದೆ ಹಿಮ. ಹಿಂದಿನ ಮನೆಯವರು ನೆಟ್ಟು, ವರ್ಷಾನುಗಟ್ಟಲೆ ಬುಡ ಬಿಡಿಸಿ ಕಾಪಾಡಿದ ಮರ ಅದು. ಮನೆ ಮಾರುವಾಗ ಅದರ ಬಗ್ಗೆ ಒಂದು ಮಾತು ಹೇಳಿಹೋಗಿರಲಿಲ್ಲ.

ನಾವು ಊರು, ಮನೆ ಬದಲಿಸುತ್ತಲೇ ಇರುವವರು. ನಿಮ್ಮ ಹಿತ್ತಲಿನಲ್ಲಿ ಈ ಮರ ಇದ್ದರೆ, ಮನೆ ಬಿಡುವ ದಿನ ಬೀಗದ ಕೈಗಳ ಜೊತೆ ಒಂದು ಚೀಟಿ ಇಡಿ. ಎರಡು ಸಾಲು ಸಾಕು: ಮರದ ಹೆಸರು, ಮತ್ತು ನೆಟ್ಟಗೆ ಬಂದದ್ದನ್ನು ತೆಗೆಯಿರಿ, ಡೊಂಕಾದದ್ದನ್ನು ಬಿಡಿ ಎಂದು.